ಅಂಗಡಿಯ ಕರೆಂಟ್ ಬಿಲ್ ಇಳಿಸಬೇಕಾ? ಮೊದಲು ಗಂಟೆ ಎಣಿಸಿ

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲೋ ಕೊಪ್ಪಿಕರ್ ರಸ್ತೆಯಲ್ಲೋ ಅಂಗಡಿ ಇಟ್ಟವರು ಬಿಲ್ ಜಾಸ್ತಿ ಬಂದ ಕೂಡಲೇ ಹೊಸ ಎಸಿ, ಸೋಲಾರ್ ಎಂದು ವಿಚಾರಿಸಲು ಶುರು ಮಾಡುತ್ತಾರೆ. ಸ್ವಲ್ಪ ತಡೆಯಿರಿ. ಯಾವುದಕ್ಕೆ ಹಾಕಿದ ದುಡ್ಡು ಬೇಗ ವಾಪಸ್ ಬರುತ್ತದೆ ಎಂದು ಗಲ್ಲಾ ಮೇಲೆ ಕೂತೇ ಲೆಕ್ಕ ಹಾಕಬಹುದು.

ಮೊದಲು ಒಂದು ವರ್ಷದ ಹೆಸ್ಕಾಂ ಬಿಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮಂಜೂರಾದ ಲೋಡ್‌ಗೆ, ಅಂದರೆ ಅಂಗಡಿ ಒಟ್ಟಿಗೆ ಎಷ್ಟು ಕರೆಂಟ್ ಎಳೆಯಬಹುದು ಎಂದು ಒಪ್ಪಿಗೆ ಪಡೆದ ಮಿತಿಗೆ, ಬೀಳುವ ನಿಗದಿತ ಶುಲ್ಕ ಬೇರೆ, ಉರಿಸಿದ ಯೂನಿಟ್‌ನ ದುಡ್ಡು ಬೇರೆ. ಲೈಟು, ಫ್ಯಾನು ಬದಲಿಸಿದರೆ ಇಳಿಯುವುದು ಎರಡನೆಯದು ಮಾತ್ರ. ಹಳೆಯ ಮಷಿನ್ ತೆಗೆದ ಮೇಲೂ ಲೋಡ್ ಹಾಗೇ ಉಳಿದಿದ್ದರೆ, ಕಡಿಮೆ ಮಾಡಿಕೊಡಿ ಎಂದು ಅರ್ಜಿ ಕೊಡಿ.

ಆಮೇಲೆ ಒಂದೊಂದೇ ಸಾಮಾನಿನ ವ್ಯಾಟ್ ಮತ್ತು ಅದು ಉರಿಯುವ ಗಂಟೆ ಬರೆಯಿರಿ. ಎರಡನ್ನೂ ಗುಣಿಸಿ 1,000ದಿಂದ ಭಾಗಿಸಿದರೆ ಯೂನಿಟ್.

ಹಳೆಯ ಟ್ಯೂಬ್‌ಲೈಟ್ ಚೋಕ್ ಸೇರಿ ಸುಮಾರು 50 ವ್ಯಾಟ್ ಎಳೆಯುತ್ತದೆ, ಎಲ್‌ಇಡಿ ಟ್ಯೂಬ್ 20. ದಿನಕ್ಕೆ 10 ಗಂಟೆ, ತಿಂಗಳಿಗೆ 26 ದಿನ ಉರಿದರೆ 7.8 ಯೂನಿಟ್ ಉಳಿತಾಯ. ಯೂನಿಟ್‌ಗೆ 8 ರೂಪಾಯಿ ಎಂದಿಟ್ಟುಕೊಂಡರೆ 62 ರೂಪಾಯಿ. 250 ರೂಪಾಯಿಯ ಟ್ಯೂಬ್ ನಾಲ್ಕೇ ತಿಂಗಳಲ್ಲಿ ಅಸಲು ಕೊಡುತ್ತದೆ. ಇದಕ್ಕೆ ಯೋಚನೆಯೇ ಬೇಡ, ಇವತ್ತೇ ಹಾಕಿಸಿ. ಆದರೆ ದಿನಕ್ಕೆ ಅರ್ಧ ಗಂಟೆ ಉರಿಯುವ ಗೋದಾಮಿನ ಲೈಟ್‌ಗೆ ಅವಸರವಿಲ್ಲ.

ಫ್ಯಾನಿನ ಲೆಕ್ಕ ಬೇರೆ. ಸಾದಾ ಫ್ಯಾನ್ 75 ವ್ಯಾಟ್, ಕಡಿಮೆ ಕರೆಂಟ್ ಎಳೆಯುವ ಮೋಟರ್ ಇರುವ ಬಿಎಲ್‌ಡಿಸಿ ಫ್ಯಾನ್ ಸುಮಾರು 30. ಅಷ್ಟೇ ಗಂಟೆಗೆ ತಿಂಗಳಿಗೆ 94 ರೂಪಾಯಿ ಉಳಿಯುತ್ತದೆ. ಚೆನ್ನಾಗಿ ತಿರುಗುತ್ತಿರುವ ಫ್ಯಾನ್ ಇಳಿಸಿ 3,000 ರೂಪಾಯಿಯದು ಹಾಕಿದರೆ ಎರಡೂವರೆ ವರ್ಷಕ್ಕೂ ಜಾಸ್ತಿ ಕಾಯಬೇಕು. ಹಳೆಯದು ಸುಟ್ಟು ಹೋಗಿ ಹೇಗೂ 1,800 ಕೊಟ್ಟು ಹೊಸದು ತರಬೇಕಿದ್ದಾಗ ಮಾತ್ರ ಹೆಚ್ಚುವರಿ ಖರ್ಚು 1,200 ಅಷ್ಟೇ, ಅಲ್ವಾ? ಅದು 13 ತಿಂಗಳಲ್ಲಿ ಬರುತ್ತದೆ. ಹಾಗಾಗಿ ಕೆಟ್ಟಾಗ ಬದಲಿಸುವುದೇ ಜಾಣತನ.

ಎಸಿ ಬದಲಿಸುವ ಮೊದಲು ಫಿಲ್ಟರ್ ತೊಳೆಸಿ, 24 ಡಿಗ್ರಿಗೆ ಇಡಿ, ಪಡುವಣ ಬಿಸಿಲು ಬೀಳುವ ಗಾಜಿಗೆ ಪರದೆ ಕಟ್ಟಿಸಿ. ಬಾಗಿಲು ಸದಾ ತೆರೆದೇ ಇದ್ದರೆ ಐದು ಸ್ಟಾರ್ ಎಸಿ ಕೂಡ ರಸ್ತೆಯನ್ನೇ ತಂಪು ಮಾಡುತ್ತದೆ. ಇಷ್ಟಾದ ಮೇಲೂ ಬೇಸಿಗೆಯ ಬಿಲ್ ಏರಿದರೆ ಆಗ ಇನ್ವರ್ಟರ್ ಎಸಿಯ, ಅಂದರೆ ಬೇಕಾದಷ್ಟೇ ವೇಗದಲ್ಲಿ ಓಡಿ ಕರೆಂಟ್ ಉಳಿಸುವ ಎಸಿಯ, ಲೆಕ್ಕ ಹಾಕಿ.

ಅಂಗಡಿ ಬಾಡಿಗೆಯದಾ? ಹಾಗಿದ್ದರೆ ಕರಾರು ಎಷ್ಟು ತಿಂಗಳು ಉಳಿದಿದೆ ನೋಡಿ. ಫ್ಯಾನು, ಎಲ್‌ಇಡಿ ಬಿಚ್ಚಿಕೊಂಡು ಹೋಗಬಹುದು. ಫಾಲ್ಸ್ ಸೀಲಿಂಗ್, ವೈರಿಂಗ್, ಚಾವಣಿಯ ಸೋಲಾರ್ ಹಾಗಲ್ಲ. ಅವಕ್ಕೆ ಕೈ ಹಾಕುವ ಮುಂಚೆ ಮಾಲೀಕರ ಜೊತೆ ಕೂತು, ಯಾರು ಎಷ್ಟು ಹಾಕಬೇಕು, ಬಾಡಿಗೆಯಲ್ಲಿ ಎಷ್ಟು ಮುರಿದುಕೊಳ್ಳಬೇಕು ಎಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳಿ.