ಗೇರ್ ಲೈಟ್ ಹತ್ತಿತ್ತು, ಕೆಟ್ಟಿದ್ದು ಅರ್ಥಿಂಗ್: ಪುಣೆಯ ಕಾತ್ರಜ್ ಗ್ಯಾರೇಜಿನಲ್ಲಿ ನನ್ನ ಅನುಭವ

ನನ್ನ ಹತ್ತಿರ ಬರುವ ಮೊದಲೇ ಎರಡು ಕಡೆ ಸುತ್ತಿ ಬಂದ ಗಾಡಿ ಅದು. ಐದು ಗೇರಿನ ಎಎಂಟಿ, ಅಂದರೆ ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ ಗಾಡಿ. ಪಂಪಿನ ಎಣ್ಣೆ ಒತ್ತಡದಿಂದ ಗೇರ್ ಹಾಕುವ ಹೈಡ್ರಾಲಿಕ್ ಬಗೆಯದು. ಸುಮಾರು 70 ಸಾವಿರ ಕಿಲೋಮೀಟರ್ ಓಡಿತ್ತು. ಮಾಲೀಕರು ಹುಬ್ಬಳ್ಳಿಯವರು, ಹಿಂಜವಡಿಯಲ್ಲಿ ಕೆಲಸ. ಮಳೆಯಲ್ಲಿ ಊರಿಗೆ ಹೊರಟರೆ ಸಾಕು, ಖಂಬಾಟ್ಕಿ ಘಾಟ್ ಹತ್ತುವಾಗ ಗೇರ್ ಲೈಟ್ ಬರುತ್ತಿತ್ತು, ಗಾಡಿ ತಾನೇ ನ್ಯೂಟ್ರಲ್‌ಗೆ ಬೀಳುತ್ತಿತ್ತು. ಪಕ್ಕಕ್ಕೆ ಹಾಕಿ ಐದು ನಿಮಿಷ ಬಂದ್ ಮಾಡಿದರೆ ಮತ್ತೆ ಸರಿಯಾಗಿ ಹೊರಡುತ್ತಿತ್ತು. ಒಂದು ವರ್ಕ್‌ಶಾಪಿನಲ್ಲಿ ಗೇರ್, ಕ್ಲಚ್ ಆಡಿಸುವ ಪೂರ್ತಿ ಆಕ್ಚುಯೇಟರ್ ಸೆಟ್ ಬದಲಿಸಬೇಕು ಅಂತ 60 ಸಾವಿರದ ಹತ್ತಿರ ಎಸ್ಟಿಮೇಟ್ ಕೊಟ್ಟಿದ್ದರು.

ನಾನೂ ಮೊದಲು ದಾರಿ ತಪ್ಪಿದೆ. ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ, ಕ್ಲಚ್‌ನ ಕೋಡ್ ಇತ್ತು, ಕ್ಲಚ್ ಸೆಟ್ ಹಾಕಿಬಿಟ್ಟೆ. ಲೇಬರ್ ಸೇರಿ 17 ಸಾವಿರ. ಹಳೇ ಪ್ಲೇಟ್ ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಅದನ್ನು ಕೈಯಲ್ಲಿ ಹಿಡಿದಾಗಲೇ ಹೊಟ್ಟೆ ಕಸಿವಿಸಿ ಆಯಿತು. ಮೂರನೇ ವಾರಕ್ಕೆ ಫೋನ್ ಬಂತು: "ಅಣ್ಣಾ, ಮತ್ತ ಹತ್ತೇತ್ರಿ ಲೈಟು." ಆ ಲೇಬರ್ ದುಡ್ಡು ವಾಪಸ್ ಕೊಟ್ಟೆ.

ಆಮೇಲೆ ಬ್ರೇಕ್ ಲೈಟ್ ಸ್ವಿಚ್ ಬದಲಿಸಿದೆ, ಸುಮ್ನೆ ಹೋಯಿತು. ಪಂಪಿನ ರಿಲೇ ಬದಲಿಸಿದೆ, ಅದೂ ಅಲ್ಲ. ನಂತರ ಹೊಸ ಬ್ಯಾಟರಿ. ಹನ್ನೊಂದು ದಿನ ಲೈಟ್ ಬರಲಿಲ್ಲ! ಗೆದ್ದೆ ಅಂದುಕೊಂಡೆ. ಹನ್ನೆರಡನೇ ದಿನ ನವಲೆ ಬ್ರಿಡ್ಜ್ ಟ್ರಾಫಿಕ್ಕಿನಲ್ಲಿ ಮತ್ತೆ ಅದೇ ಕಥೆ.

ಆದರೆ ಆ ಹನ್ನೊಂದು ದಿನ ನನ್ನ ತಲೆಯಿಂದ ಹೋಗಲಿಲ್ಲ. ಬ್ಯಾಟರಿ ಬದಲಿಸುವಾಗ ಟ್ರೇ ಎತ್ತಿದ್ದೆ, ವೈರ್ ಅಲುಗಾಡಿಸಿದ್ದೆ. ಇನ್ನೊಂದು ವಿಷಯ. ಇಂಜಿನ್ ಕಡೆ ಪಿ0562 ಅಂತ ಒಂದು ಹಳೇ ಕೋಡ್ ಇತ್ತು, ಅಂದರೆ ವೋಲ್ಟೇಜ್ ಕಡಿಮೆ. ಬ್ಯಾಟರಿ ಹಳೇದು, ಬಂದಿರುತ್ತೆ ಅಂತ ನಾವೆಲ್ಲರೂ ಅದನ್ನು ಅಳಿಸುತ್ತಾ ಬಂದಿದ್ದೆವು. ನಾನೊಬ್ಬನೇ ನಾಲ್ಕು ಸಲ ಅಳಿಸಿದ್ದೆ. ಈಗ ಕೋಡ್ ಅಳಿಸುವ ಮೊದಲು ಫೋಟೋ ತೆಗೆಯದೆ ಹುಡುಗರು ಬಟನ್ ಮುಟ್ಟುವಂತಿಲ್ಲ.

ಮಲ್ಟಿಮೀಟರ್‌ನ ಬೀಪ್ ನಂಬಬೇಡಿ. ನನ್ನ ಅನುಮಾನ ಅರ್ಥಿಂಗ್ ಮೇಲೆ ಹೋಗಿತ್ತು, ಅಂದರೆ ಬ್ಯಾಟರಿ ಮೈನಸ್ಸನ್ನು ಗಾಡಿಯ ತಗಡಿನ ಬಾಡಿಗೆ ಜೋಡಿಸುವ ವೈರ್ ಮೇಲೆ. ಅಲ್ಲಿ ಬೀಪ್ ಚೆನ್ನಾಗಿಯೇ ಬಂತು. ನಾಲ್ಕು ಎಳೆ ತಂತಿ ಉಳಿದಿದ್ದರೂ ಬೀಪ್ ಬರುತ್ತೆ. ಲೋಡ್ ಕೊಟ್ಟು ವೋಲ್ಟ್ ನೋಡಬೇಕು. ಒಂದು ಪ್ರೋಬ್ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಬಾಡಿ ಬೋಲ್ಟಿಗೆ. ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲಾ ಹಾಕಿ, ಗೇರ್ ಆಡಿಸಿ ಪಂಪ್ ಓಡಿಸಿದೆ. 0.1 ವೋಲ್ಟಿನ ಆಸುಪಾಸು ಇರಬೇಕಾದದ್ದು 1.3ಕ್ಕೆ ಏರಿತು. ಘಾಟಿನಲ್ಲಿ ಗೇರ್ ಮತ್ತೆ ಮತ್ತೆ ಬದಲಾಗುತ್ತೆ, ಪಂಪ್ ಪದೇ ಪದೇ ಓಡುತ್ತೆ, ಮಳೆಗೆ ವೈಪರ್ ಬೇರೆ. ಪಂಪಿಗೂ ಗೇರ್ ಕಂಟ್ರೋಲ್ ಯೂನಿಟ್ಟಿಗೂ ಸಾಕಷ್ಟು ವೋಲ್ಟೇಜ್ ಸಿಗುತ್ತಿರಲಿಲ್ಲ.

ಯಾರಿಗೂ ಅನುಮಾನ ಬರದೇ ಇದ್ದದ್ದು ಯಾಕೆ ಗೊತ್ತಾ? ಸೆಲ್ಫ್ (ಸ್ಟಾರ್ಟರ್ ಮೋಟರ್) ಜೋರಾಗಿ ಹೊಡೆಯುತ್ತಿತ್ತು. ಸೆಲ್ಫಿಗೆ ಹೋಗುವುದು ಗೇರ್‌ಬಾಕ್ಸ್ ಮೇಲಿನ ದಪ್ಪ ಅರ್ಥಿಂಗ್. ಕೆಟ್ಟಿದ್ದು ಟ್ರೇ ಕೆಳಗಿನ ಸಣ್ಣದು, ಬಾಡಿಗೆ ಹೋಗುವುದು. ಅದರ ತುದಿಯ ಲಗ್, ಅಂದರೆ ಬೋಲ್ಟಿಗೆ ಕೂರುವ ಲೋಹದ ತುಂಡು, ಹೊರಗಿನಿಂದ ಹೊಳೆಯುತ್ತಿತ್ತು. ಮೇಲಿನ ಸ್ಲೀವ್ ನಾನೇ ಸೀಳಿ ನೋಡಿದೆ. ಒಳಗೆಲ್ಲಾ ಹಸಿರು ಪುಡಿ, ಉಗುರಿನಿಂದ ಕೆರೆದರೆ ತಾಮ್ರದ ಎಳೆಗಳು ಉದುರಿದವು.

ಪಕ್ಕದ ಗ್ಯಾರೇಜಿನ ಸೊಲ್ಲಾಪುರದ ಹಿರಿಯ ಮೇಸ್ತ್ರಿಯನ್ನು ನಾವೆಲ್ಲ ಮಾವಾ ಅಂತೀವಿ. ಅವರು ನಿಂತು ನೋಡಿ, "ಲೈಟ್ ಗೇರಿಂದು, ನೀ ಬಾಡಿಗೆ ವೈರ್ ಕಟ್ಟಾಕತ್ತಿಯಲ್ಲೋ" ಅಂದರು. ನಾನು ಜಂಪರ್ ಕೇಬಲ್ಲಿನ ಕರಿ ಎಳೆಯನ್ನು ಮೈನಸ್ಸಿನಿಂದ ಬಾಡಿಗೆ ಸಿಕ್ಕಿಸಿ ಮೀಟರ್ ತೋರಿಸಿದೆ. 0.05. ಮಾವಾ ಕನ್ನಡಕ ಏರಿಸಿ ಎರಡು ಸಲ ಓದಿದರು.

ನಾನಾ ಪೇಟೆಯಿಂದ 16 ಚದರ ಎಂಎಂ ಕೇಬಲ್, ಎರಡು ತಾಮ್ರದ ಲಗ್ ತಂದೆ. ಸುಮಾರು 400 ರೂಪಾಯಿ. ಬೋಲ್ಟ್ ಕೆಳಗಿನ ಪೇಂಟ್ ಉಜ್ಜಿ ಬೆಳ್ಳಗೆ ಮಾಡಿ ಬಿಗಿದು, ಮೇಲೆ ಗ್ರೀಸ್ ಹಚ್ಚಿದೆ. ಆಮೇಲೆ ಸ್ಕ್ಯಾನರ್‌ನಲ್ಲಿ ಕ್ಲಚ್ ಲರ್ನಿಂಗ್, ಅಂದರೆ ಕ್ಲಚ್ ಎಲ್ಲಿ ಹಿಡಿಯುತ್ತೆ ಅಂತ ಕಂಟ್ರೋಲ್ ಯೂನಿಟ್ಟಿಗೆ ಮತ್ತೆ ಕಲಿಸುವುದು. ಲರ್ನಿಂಗ್‌ಗೆ ಮೊದಲು ನಾನು ಮಾಡುವ ಒಂದು ಕೆಲಸ ಇದೆ, ಅದನ್ನು ಇಲ್ಲಿ ಬರೆಯಲ್ಲ. ಗ್ಯಾರೇಜಿಗೆ ಬಂದವರಿಗೆ ತೋರಿಸ್ತೀನಿ.

ಇದರ ನಡುವೆ ಪಂಪಿನ ಶಬ್ದ ಎಣಿಸುವ ಹುಚ್ಚೂ ಹತ್ತಿತು. ಕೀ ಆನ್, ಇಂಜಿನ್ ಆಫ್, ಬ್ರೇಕ್ ಒತ್ತಿ ನ್ಯೂಟ್ರಲ್ಲಿನಿಂದ ರಿವರ್ಸ್, ಮತ್ತೆ ನ್ಯೂಟ್ರಲ್. ಎಷ್ಟು ಸಲಕ್ಕೆ ಪಂಪ್ ಗುಂಯ್ ಅನ್ನುತ್ತೆ ನೋಡಿ. ಪ್ರತಿ ಸಲವೂ ಓಡಿದರೆ ಎಣ್ಣೆಯ ಒತ್ತಡ ಕೂಡಿಡುವ ಡಬ್ಬಿ, ಅಂದರೆ ಅಕ್ಯುಮ್ಯುಲೇಟರ್‌ನಲ್ಲಿ ಗ್ಯಾಸ್ ಇಲ್ಲ ಅಂತ ನಾನು ಬರೆದುಕೊಳ್ಳುತ್ತೇನೆ. ಈ ಗಾಡಿಯಲ್ಲಿ ಮೂರು ನಾಲ್ಕು ಸಲಕ್ಕೊಮ್ಮೆ ಓಡುತ್ತಿತ್ತು. ಹಾಗಾಗಿ 60 ಸಾವಿರದ ಸೆಟ್ ಬೇಡ ಅಂತ ಧೈರ್ಯವಾಗಿ ಹೇಳಿದೆ.

ಸುರಿಯುವ ಮಳೆಯಲ್ಲೇ ಸಿಂಹಗಡದ ಘಾಟ್ ಹತ್ತಿಸಿದೆ, ಎರಡು ಸಲ. ಲೈಟ್ ಬರಲಿಲ್ಲ. ಏಳೆಂಟು ತಿಂಗಳಾಯಿತು, ಅವರು ಹುಬ್ಬಳ್ಳಿಗೆ ಐದಾರು ಸಲ ಹೋಗಿ ಬಂದಿದ್ದಾರೆ.

ಕಳೆದ ತಿಂಗಳು ಮಾವಾ ತಮ್ಮ ಗಿರಾಕಿಯ ಎರಡು ಎಎಂಟಿ ಗಾಡಿ ತಂದು, "ಆ ಕರಿ ಕೇಬಲ್ ತಗೊಂಡು ಬಾ" ಅಂದರು. ಒಂದರಲ್ಲಿ ಅರ್ಥಿಂಗೇ ಹೋಗಿತ್ತು. ಇನ್ನೊಂದರಲ್ಲಿ ಮೀಟರ್ 0.06 ತೋರಿಸಿತು, ಪಂಪ್ ಮಾತ್ರ ಪ್ರತಿ ಗೇರಿಗೂ ಓಡುತ್ತಿತ್ತು. ಅದಕ್ಕೆ ಅಕ್ಯುಮ್ಯುಲೇಟರ್ ಹಾಕಲೇಬೇಕಾಯಿತು.