ರಾಡಾರಿಗೆ ಕಾಣದ ಐಸು: ಸ್ವಾಲ್ಬಾರ್ಡ್ ಹಾಯಿದೋಣಿ ಪ್ರಯಾಣದ ನನ್ನ ಅನುಭವ

ಜುಲೈನಲ್ಲಿ ನಾರ್ವೆಗೆ ಸೇರಿದ ಆರ್ಕ್ಟಿಕ್ ದ್ವೀಪಸಮೂಹ ಸ್ವಾಲ್ಬಾರ್ಡ್‌ನ ಮುಖ್ಯ ಊರು ಲಾಂಗಿಯರ್‌ಬೈನ್‌ನಿಂದ ಹೊರಟ್ವಿ, ನಾಲ್ಕೇ ಜನ, 11 ಮೀಟರಿನ ಸ್ಟೀಲ್ ಹಾಯಿದೋಣಿ. ಆ ಊರು ಇರೋದು 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿನ ಅತಿ ದೊಡ್ಡ ದ್ವೀಪ ಸ್ಪಿಟ್ಸ್‌ಬರ್ಗನ್‌ನ ಪಶ್ಚಿಮ ತೀರ ಹಿಡ್ಕೊಂಡು ಹೋಗಿ 80 ಡಿಗ್ರಿ ದಾಟಿದ ತಕ್ಷಣ ಸಿಗೋ ಮೋಫೆನ್ ದ್ವೀಪದ ವಾಲ್ರಸ್‌ಗಳನ್ನ ದೂರದಿಂದ ನೋಡ್ಕೊಂಡು ಬರೋದು ಅಂತ ಪ್ಲಾನ್.

ಈ ತೀರಕ್ಕೆ ಅಟ್ಲಾಂಟಿಕ್‌ನ ಬೆಚ್ಚಗಿನ ನೀರು ಬರುತ್ತೆ, ಹಾಗಾಗಿ ಬೇಸಿಗೇಲಿ ಹೊರಗಿನ ಸಮುದ್ರ ಸಾಮಾನ್ಯವಾಗಿ ಓಪನ್ ಇರುತ್ತೆ, ಐಸು ಎದುರಾಗೋದು ಫ್ಯೋರ್ಡ್ (ಬೆಟ್ಟಗಳ ನಡುವೆ ಒಳಕ್ಕೆ ಚಾಚಿದ ಕಿರಿದಾದ ಕೊಲ್ಲಿ) ಒಳಗೆ, ಹಿಮನದಿ ಮುರಿದು ಬಿದ್ದಿದ್ದು. ದೊಡ್ಡ ಮಂಜುಗಡ್ಡೆ ಬಗ್ಗೆ ನಂಗೆ ಭಯ ಇಲ್ಲ, ಅದು ಕಣ್ಣಿಗೆ ಬೀಳುತ್ತೆ, ಸುತ್ತಿ ಹೋಗಬಹುದು. ನಿಜವಾದ ಅಪಾಯ ಗ್ರೌಲರ್, ಅಂದ್ರೆ ತೇಲೋ ಸಣ್ಣ ಐಸ್ ತುಂಡು, ನೀರಿನ ಮೇಲೆ ಒಂದು ಮೊಳಾನೂ ಇರಲ್ಲ, ಕೆಳಗೆ ಟನ್‌ಗಟ್ಟಲೆ ತೂಕ, ಗಾಜಿನ ಥರ ಪಾರದರ್ಶಕ, ಸ್ವಲ್ಪ ಅಲೆ ಎದ್ರೂ ರಾಡಾರಲ್ಲಿ ಕಾಣಲ್ಲ. ಅದಕ್ಕೇ ಒಬ್ರು ಯಾವಾಗ್ಲೂ ದೋಣಿ ಮೂತಿಯಲ್ಲಿ ಉದ್ದ ಗಳ ಹಿಡ್ಕೊಂಡು ನಿಲ್ತಿದ್ವಿ, ಹಾರ್ನೆಸ್ ಕಟ್ಕೊಂಡು, ಯಾಕಂದ್ರೆ ಆ ನೀರಿಗೆ ಬಿದ್ರೆ ಕೆಲವೇ ನಿಮಿಷದಲ್ಲಿ ಕೈ ಬೆರಳು ಮಾತು ಕೇಳಲ್ಲ. ಕೂಗಿದ್ರೆ ಇಂಜಿನ್ ಸದ್ದಲ್ಲಿ ಕೇಳಿಸಲ್ಲ, ಕೈ ಯಾವ ಕಡೆ ಚಾಚ್ತೀವೋ ಆ ಕಡೆಗೆ ಚುಕ್ಕಾಣಿ ತಿರುಗಿಸಬೇಕು, ಅಷ್ಟೇ ರೂಲ್. ಸ್ಪೀಡು ಎರಡು ನಾಟ್, ಅಂದ್ರೆ ಗಂಟೆಗೆ ನಾಲ್ಕು ಕಿ.ಮೀ.ಗೂ ಕಮ್ಮಿ.

ನ್ಯೂ-ಓಲೆಸುಂಡ್‌ನಲ್ಲಿ ಒಂದು ದಿನ ನಿಂತ್ವಿ, ಅದು ಸಂಶೋಧಕರ ಪುಟ್ಟ ಊರು. ಅಲ್ಲಿ ಸಂಶೋಧನೆಯ ಉಪಕರಣಗಳಿಗೆ ತೊಂದರೆ ಆಗುತ್ತೆ ಅಂತ ವೈಫೈ, ಬ್ಲೂಟೂತ್ ಎಲ್ಲಾ ಆಫ್ ಮಾಡಬೇಕು. 2008ರಿಂದ ಇರೋ ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರದ ಮುಂದೆ ನಿಂತಾಗ ಗಂಟಲು ಕಟ್ತು, ಸುಳ್ಳು ಹೇಳಲ್ಲ.

ಅಲ್ಲಿಂದ ಮುಂದೆ ಒಂದು ಕೊಲ್ಲಿಯಲ್ಲಿ ಲಂಗರು ಹಾಕಿದ್ವಿ. ರಾತ್ರಿ ಎರಡು ಗಂಟೆ, ಅಲ್ಲಿ ಬೇಸಿಗೇಲಿ ಸೂರ್ಯ ಮುಳುಗಲ್ಲ, ಸೂರ್ಯ ನೆತ್ತಿ ಮೇಲಲ್ಲದಿದ್ರೂ ಪೂರ್ತಿ ಬೆಳಕು, ನನ್ನ ಕಾವಲು. ಒಗ್ಗರಣೇಲಿ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು ಬಂತು. ಹಳೇ ಐಸು ಕರಗ್ತಾ ಒಳಗಿನ ಗಾಳಿ ಗುಳ್ಳೆ ಒಡೆಯೋ ಸದ್ದು ಅದು, ಅಂದ್ರೆ ಐಸು ಹತ್ರ ಬಂದಿದೆ. ಇಳಿತಕ್ಕೆ ನೀರು ತಿರುಗಿತ್ತು, ಆಟೋರಿಕ್ಷಾದಷ್ಟು ದೊಡ್ಡ ತುಂಡೊಂದು ಬಂದು ಲಂಗರಿನ ಚೈನಿಗೆ ಒರಗ್ತು, ದೋಣಿ ಮೂತಿ ಕೆಳಗೆ ಎಳೀತು. ಎಲ್ರನ್ನೂ ಎಬ್ಬಿಸಿದೆ. ಗಾಬರೀಲಿ ಜೋರಾಗಿ ಕುಟ್ಟಿದ್ದಕ್ಕೆ ಗಳ ಸೀಳಿಹೋಯ್ತು. ಆಮೇಲೆ ಚೈನ್ ಸಡಿಲ ಬಿಟ್ಟು, ಡಿಂಗಿಯ (ಜೊತೆಗಿದ್ದ ಪುಟ್ಟ ದೋಣಿಯ) ಹುಟ್ಟು ಊರಿ ಮೈಭಾರ ಹಾಕಿ ಸುಮ್ನೆ ಒತ್ತಿ ಹಿಡಿದ್ವಿ, ಕುಟ್ಟಲಿಲ್ಲ. ಇಷ್ಟಿಷ್ಟೇ ಜರುಗಿ ಹತ್ತು ನಿಮಿಷಕ್ಕೆ ತಾನಾಗೇ ಬಿಟ್ಟು ಹೋಯ್ತು. ಇಂಜಿನ್ ಮಾತ್ರ ನ್ಯೂಟ್ರಲ್‌ನಲ್ಲೇ ಇತ್ತು, ಪ್ರೊಪೆಲ್ಲರ್‌ಗೆ ಐಸು ಸಿಕ್ಕಿದ್ರೆ ಅಲ್ಲಿಗೆ ಮುಗೀತು.

ಅವತ್ತಿಂದ ಸಾಧ್ಯ ಆದಷ್ಟು ಆಳ ಕಮ್ಮಿ ಇರೋ ಕಡೆ ಲಂಗರು ಹಾಕ್ತಿದ್ವಿ, ದೊಡ್ಡ ತುಂಡು ನಮ್ಮ ಹತ್ರ ಬರೋ ಮೊದ್ಲೇ ತಳ ತಾಗಿ ನಿಲ್ಲುತ್ತೆ.

ಮೋಫೆನ್ ಸಿಗಲಿಲ್ಲ. ಐಸ್ ಚಾರ್ಟ್‌ನಲ್ಲಿ (ಐಸು ಎಲ್ಲೆಲ್ಲಿದೆ ಅಂತ ತೋರಿಸೋ ನಕ್ಷೆ) ಸಮುದ್ರದ ಐಸು ದಕ್ಷಿಣಕ್ಕೆ ಇಳೀತಾ ಇತ್ತು, 79 ಡಿಗ್ರಿ 50 ಮಿನಿಟಿಂದ ದೋಣಿ ತಿರುಗಿಸಿದ್ವಿ. ಮತ್ತೆ ಹೋಗ್ತೀನಿ, ಈ ಸಲ ಗಳ ಎರಡು ತಗೊಂಡು.