ಆಫೀಸಿನ ಡ್ರೈವ್ ಜೋಡಿಸುವುದು ಹೇಗೆ? ಎಳೆಯುವ ಮೊದಲು ಇಷ್ಟು ನೋಡಿ

ಆಯುಧಪೂಜೆ ಬಂತೆಂದರೆ ಮೈಸೂರಿನ ಆಫೀಸುಗಳಲ್ಲಿ ಕಂಪ್ಯೂಟರ್ ಒರೆಸಿ, ಕುಂಕುಮ ಇಟ್ಟು, ಹೂ ಮುಡಿಸುತ್ತೇವೆ. ಅದರೊಳಗೆ ಎಲ್ಲರೂ ಸೇರಿ ಬಳಸುವ ಗೂಗಲ್ ಡ್ರೈವ್ ಮಾತ್ರ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಕೊನೆಗೆ ಯಾರೋ ಒಬ್ಬರು ಶನಿವಾರ ಕೂತು ಎಲ್ಲವನ್ನೂ ಎಳೆದು ಜೋಡಿಸುತ್ತಾರೆ. ಸೋಮವಾರ ಕೆಲವರಿಗೆ ಫೈಲು ತೆರೆಯುವುದಿಲ್ಲ, ಕೆಲವರಿಗೆ ನೋಡಬಾರದ್ದೆಲ್ಲ ಕಾಣುತ್ತದೆ. ಸಣ್ಣ ಆಫೀಸುಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಕೆಲಸ ಕೆಡುವುದು ಎಳೆಯುವ ಹಂತದಲ್ಲೇ.

ಮೊದಲ ಹೆಜ್ಜೆ ಸುಲಭ. ಹೊಸ ಫೋಲ್ಡರುಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಜನರ ಹೆಸರಿನ ಫೋಲ್ಡರ್ ಬೇಡ, ಕೆಲಸದ ಹೆಸರಿರಲಿ: ಬಿಲ್, ಜಿಎಸ್‌ಟಿ, ಸಂಬಳ, ಕರಾರು ಪತ್ರ. ಅದರೊಳಗೆ 2024-25, 2025-26 ಅಂತ ಹಣಕಾಸು ವರ್ಷ. ಅದಕ್ಕಿಂತ ಆಳಕ್ಕೆ ಹೋದರೆ ಯಾರೂ ಹುಡುಕುವುದಿಲ್ಲ, ವಾಟ್ಸಾಪ್‌ನಲ್ಲಿ ‘ಆ ಫೈಲ್ ಕಳಿಸಿ’ ಅಂತಾರೆ ಅಷ್ಟೇ. ಫೈಲಿನ ಹೆಸರಲ್ಲಿ ತಾರೀಕು ಹಾಕುವುದಾದರೆ ವರ್ಷ ಮುಂದಿರಲಿ: 2025-04-07. 07-04-2025 ಎಂದು ಬರೆದರೆ ಎಲ್ಲ ತಿಂಗಳ 7ನೇ ತಾರೀಕಿನವು ಒಂದೇ ಕಡೆ ಬಂದು ನಿಲ್ಲುತ್ತವೆ.

ಆಮೇಲೆ ಮಾಲೀಕರು ಯಾರೆಂದು ನೋಡಿ. ಡ್ರೈವ್‌ನ ಲಿಸ್ಟ್ ನೋಟದಲ್ಲಿ ‘ಓನರ್’ ಎಂಬ ಕಾಲಂ ಇದೆ. ಕೆಲಸ ಬಿಟ್ಟು ಹೋದವರು ತಮ್ಮ ಸ್ವಂತ ಜಿಮೇಲ್‌ನಿಂದ ಮಾಡಿದ ಶೀಟ್ ಇವತ್ತಿಗೂ ಅವರದ್ದೇ. ಅವರು ಅಳಿಸಿದರೆ ನಿಮಗೂ ಹೋಯಿತು. ಆಫೀಸಿನದ್ದೂ ಸಾಮಾನ್ಯ ಜಿಮೇಲ್ ಖಾತೆಯಾಗಿದ್ದರೆ, ಅವರಿಗೆ ಫೋನ್ ಮಾಡಿ, ಮಾಲೀಕತ್ವವನ್ನು ಅದಕ್ಕೆ ವರ್ಗಾಯಿಸಿಕೊಳ್ಳಿ. ಆಫೀಸಿನ ಕಡೆಯಿಂದ ಅದನ್ನು ಒಪ್ಪಿಕೊಳ್ಳಬೇಕು, ಮರೆಯಬೇಡಿ. ಅವರು ಸಿಗದಿದ್ದರೆ ಅಥವಾ ವರ್ಗಾವಣೆ ಆಗದಿದ್ದರೆ ಒಂದು ಕಾಪಿ ಮಾಡಿಕೊಳ್ಳಿ, ಕಾಪಿ ನಿಮ್ಮದಾಗುತ್ತದೆ. ದುಡ್ಡು ಕೊಟ್ಟು ವರ್ಕ್‌ಸ್ಪೇಸ್ (ಆಫೀಸುಗಳಿಗಾಗಿ ಇರುವ ಗೂಗಲ್ ಸೇವೆ) ತಗೊಂಡಿದ್ದರೆ ನಿಮ್ಮ ಪ್ಲಾನಿನಲ್ಲಿ ‘ಶೇರ್ಡ್ ಡ್ರೈವ್’ ಇದೆಯಾ ಕೇಳಿ. ಅದರಲ್ಲಿಟ್ಟ ಫೈಲು ಆಫೀಸಿನದ್ದೇ, ಯಾರು ಬಿಟ್ಟು ಹೋದರೂ ಉಳಿಯುತ್ತದೆ. ನನ್ನನ್ನು ಕೇಳಿದರೆ ಅದೇ ಸರಿ.

ಈಗ ಎಳೆಯುವ ಕೆಲಸ. ಫೈಲನ್ನು ಒಂದು ಫೋಲ್ಡರಿಗೆ ಹಾಕಿದ ಕೂಡಲೇ ಆ ಫೋಲ್ಡರನ್ನು ಯಾರು ನೋಡಬಹುದೋ ಅವರೆಲ್ಲ ಆ ಫೈಲನ್ನೂ ನೋಡಬಹುದು. ಸಂಬಳದ ಶೀಟನ್ನೇ ತಗೊಳ್ಳಿ. ಅದು ಯಜಮಾನರಿಗೂ ಅಕೌಂಟೆಂಟ್‌ಗೂ ಮಾತ್ರ ಕಾಣುತ್ತಿತ್ತು. ಇಡೀ ಸಿಬ್ಬಂದಿಗೆ ಶೇರ್ ಆಗಿರುವ ‘ಆಫೀಸ್’ ಫೋಲ್ಡರಿನೊಳಗೆ ‘ಸಂಬಳ’ ಅಂತ ಮಾಡಿ ಅಲ್ಲಿಗೆ ಹಾಕಿದರೆ ಎಲ್ಲರ ಸಂಬಳ ಎಲ್ಲರಿಗೂ ಗೊತ್ತು. ಹಾಕುವಾಗ ಡ್ರೈವ್ ಒಂದು ಎಚ್ಚರಿಕೆ ತೋರಿಸುತ್ತದೆ. ಓದದೇ ‘ಮೂವ್’ ಒತ್ತುವವರೇ ಜಾಸ್ತಿ. ದಯವಿಟ್ಟು ಓದಿ. ಸಂಬಳ, ಆಧಾರ್ ಪ್ರತಿ, ಬ್ಯಾಂಕಿನ ಕಾಗದ ಇವಕ್ಕೆ ‘ಆಫೀಸ್’ ಫೋಲ್ಡರಿನ ಹೊರಗೇ ಬೇರೆ ಫೋಲ್ಡರ್ ಮಾಡಿ.

ಇದರ ಉಲ್ಟಾನೂ ಆಗುತ್ತದೆ. ಫೋಲ್ಡರಿನ ಮೂಲಕವೇ ಫೈಲು ನೋಡುತ್ತಿದ್ದವರಿಗೆ, ಅದನ್ನು ಆಚೆ ತೆಗೆದರೆ ಬಾಗಿಲು ಮುಚ್ಚಿತು. ಹಾಗಾಗಿ ಎಳೆಯುವ ಮೊದಲು ಶೇರ್ ಪೆಟ್ಟಿಗೆ ತೆರೆದು ಯಾರ್‍ಯಾರಿದ್ದಾರೆ ಅಂತ ಬರೆದುಕೊಳ್ಳಿ, ಎಳೆದ ಮೇಲೆ ಮತ್ತೆ ತೆರೆದು ತಾಳೆ ನೋಡಿ. ಮೊದಲು ಒಂದೇ ಫೋಲ್ಡರ್ ಸಾಗಿಸಿ, ಪಕ್ಕದ ಟೇಬಲ್ಲಿನವರ ಫೋನಿನಲ್ಲಿ ತೆರೆಯುತ್ತದಾ ನೋಡಿ, ಆಮೇಲೆ ಮುಂದಿನದು.

ಎಲ್ಲವನ್ನೂ ಜಿಪ್ ಮಾಡಿ ಇಳಿಸಿಕೊಂಡು, ಜೋಡಿಸಿ, ಮತ್ತೆ ಏರಿಸುವ ಅಡ್ಡದಾರಿ ಹಿಡಿಯಲೇಬೇಡಿ. ಸಾಗಿಸಿದರೆ ಫೈಲಿನ ಲಿಂಕ್ ಬದಲಾಗುವುದಿಲ್ಲ, ವಾಟ್ಸಾಪ್‌ನಲ್ಲಿ ಹಿಂದೆ ಕಳಿಸಿದ್ದೂ ಕೆಲಸ ಮಾಡುತ್ತದೆ. ಇಳಿಸಿ ಏರಿಸಿದರೆ ಹೊಸ ಫೈಲು, ಹೊಸ ಲಿಂಕ್. ಹಳೆಯ ತಿದ್ದುಪಡಿಗಳ ದಾಖಲೆಯೂ ಅದರಲ್ಲಿರುವುದಿಲ್ಲ.

ಒಂದೇ ಫೈಲು ಎರಡು ಕಡೆ ಬೇಕೇ? ಕಾಪಿ ಬೇಡ, ಮೂಲ ಫೈಲಿಗೇ ಕರೆದೊಯ್ಯುವ ಶಾರ್ಟ್‌ಕಟ್ ಹಾಕಿ. ‘ಫೈನಲ್’, ‘ಫೈನಲ್ 2’, ‘ಕಾಪಿ ಆಫ್ ಫೈನಲ್’ ಇದ್ದರೆ, ಯಾವುದು ಚಾಲ್ತಿಯಲ್ಲಿದೆ ಅಂತ ಅದನ್ನು ತುಂಬುವವರನ್ನೇ ಕೇಳಿ. ಉಳಿದದ್ದನ್ನು ‘ಹಳೆಯದು’ ಫೋಲ್ಡರಿಗೆ ಹಾಕಿ, ಆ ವರ್ಷದ ಆಡಿಟ್ ಮುಗಿಯುವವರೆಗೆ ಅಳಿಸಬೇಡಿ. ಟ್ರ್ಯಾಶ್‌ಗೆ ಹೋದದ್ದು 30 ದಿನಕ್ಕೆ ಪೂರ್ತಿ ಹೋಗುತ್ತದೆ. ನಕಲು ಹುಡುಕಿ ಕೊಡುವ ಆ್ಯಪ್‌ಗಳ ಸಹವಾಸ ಬೇಡ. ಇಡೀ ಡ್ರೈವ್ ಓದುವ, ಅಳಿಸುವ ಅನುಮತಿಯನ್ನೇ ಕೇಳುತ್ತವೆ, ಗುರುತಿಲ್ಲದವರಿಗೆ ಯಾಕೆ ಕೊಡಬೇಕು?

ಮಂಡ್ಯ, ಮೈಸೂರಿನ ಆಫೀಸುಗಳಿಗೆ ಇನ್ನೊಂದು ಮಾತು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರಗಳು ಹುಡುಕಾಟದಲ್ಲಿ ಸಿಗುವುದಿಲ್ಲ. ಯುನಿಕೋಡ್ (ಫಾಂಟ್ ಬದಲಾದರೂ ಕನ್ನಡ ಕನ್ನಡವಾಗಿಯೇ ಉಳಿಯುವ ಪದ್ಧತಿ) ಅಲ್ಲದ ಆ ಫೈಲುಗಳನ್ನು ಫಾಂಟ್ ತೆಗೆದು ನೋಡಿದರೆ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅವುಗಳ ಹೆಸರಲ್ಲೇ ವಿಷಯ ಬರೆಯಿರಿ: ‘2016-08-22 ನೀರಿನ ಕಂದಾಯ ಮನವಿ’. ಹೊಸದನ್ನೆಲ್ಲ ಯುನಿಕೋಡ್‌ನಲ್ಲೇ ಮಾಡಿ.

ಕೊನೆಯದಾಗಿ, ಖಾಲಿಯಾದ ಹಳೆಯ ಫೋಲ್ಡರುಗಳನ್ನು ಅವತ್ತೇ ತೆಗೆಯಬೇಡಿ. ಒಂದೊಂದರಲ್ಲೂ ಹೊಸ ಜಾಗದ ಶಾರ್ಟ್‌ಕಟ್ ಇಟ್ಟು ಒಂದು ತಿಂಗಳು ಬಿಡಿ. ಮೇಲಿನ ಹಂತದಲ್ಲಿ ಹೊಸ ಫೋಲ್ಡರ್ ಬೇಕಾದರೆ ಯಾರನ್ನು ಕೇಳಬೇಕು ಅಂತ ಒಬ್ಬರ ಹೆಸರು ಗೊತ್ತು ಮಾಡಿ, ಗ್ರೂಪಿನಲ್ಲಿ ಹಾಕಿ.